ಗೆರೆಯಕ್ಕನ ಒಂದನೇ ಚಿತ್ರ

ನಮ್ಮ ಆಫೀಸಿನ ಗುಟ್ಟು ಹೊಸಿಲು ದಾಟಿದ ಚರಿತ್ರೆಯೇ ಇಲ್ಲ. ಬೇಕಾದರೆ ಬರೆದುಕೊಳ್ಳಿ. ಕನ್ನಡಕದಂಗಡಿಯ ಮೇಲೆ ಮೂರು ಕೋಣೆ, ಒಂದು ಬಚ್ಚಲು, ಓಲಾಡುವ ಮರದ ಮೆಟ್ಟಿಲು. ಇಷ್ಟರೊಳಗೆ ಒಂದು ತಲೆಮಾರಿನ ಕಾಲ ಏನೇನು ಮಾತು ನಡೆಯಿತೋ, ಅದರಲ್ಲಿ ಒಂದಕ್ಷರವೂ ಮೆಟ್ಟಿಲಿಳಿದು ಬೀದಿಗೆ ಬಿದ್ದಿಲ್ಲ. ಗೋಡೆಯ ಮೇಲಿನ ಹಲ್ಲಿಗಳು ಕೂಡ ಲೊಚಗುಟ್ಟುವ ಮೊದಲು ವಕೀಲರ ಮುಖ ನೋಡುತ್ತಿದ್ದವು. ಒಮ್ಮೆ ಎದುರುಮನೆಯ ಸಾಕುಗಿಣಿ ತಪ್ಪಿಸಿಕೊಂಡು ಬಂದು ನಮ್ಮ ಕಿಟಕಿಯಲ್ಲಿ ಕೂತು ಅರ್ಧ ಗಂಟೆ ಕೇಳಿಸಿಕೊಂಡು ಹೋಯಿತು. ಅಲ್ಲಿಂದಾಚೆಗೆ ಅದು ಬಾಯಿಯನ್ನೇ ಬಿಡಲಿಲ್ಲವಂತೆ. ಪಾಪ, ಮೂಕವಾಗಿಯೇ ಸತ್ತಿತು.

ನಮ್ಮದು ಪೇಟೆಂಟ್ ಅರ್ಜಿ ಬರೆದುಕೊಡುವ ಆಫೀಸು. ಯಾರೋ ಹೊಸದೊಂದನ್ನು ಕಂಡುಹಿಡಿಯುತ್ತಾರೆ. ಇಷ್ಟು ವರ್ಷ ಇದು ನನ್ನದು, ನನ್ನನ್ನು ಕೇಳದೆ ಇನ್ನೊಬ್ಬರು ಮಾಡಕೂಡದು ಎಂದು ಸರ್ಕಾರದಿಂದ ಬರೆಸಿಕೊಳ್ಳಬೇಕು. ಆ ಅರ್ಜಿಯನ್ನು ವಕೀಲರು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ, ಗೆರೆಯಕ್ಕ ಅದಕ್ಕೆ ಚಿತ್ರ ಬರೆಯುತ್ತಿದ್ದಳು. ಕಾನೂನು ಮಿಕ್ಕೆಲ್ಲದರಲ್ಲೂ ಮೆತ್ತಗೆ, ಒಂದರಲ್ಲಿ ಮಾತ್ರ ಕಟುಕ. ಅರ್ಜಿ ಸಲ್ಲಿಸುವ ದಿನದವರೆಗೂ ವಿಷಯ ಜಗತ್ತಿಗೆ ಹೊಸದಾಗಿಯೇ ಇರಬೇಕು. ಅದಕ್ಕೆ ಮುಂಚೆ ಟೀ ಅಂಗಡಿಯ ಬೆಂಚಿನ ಮೇಲೋ, ಬಸ್ಸಿನ ಸೀಟಿನಲ್ಲೋ ಹೊರಗಿನವರ ಕಿವಿಗೆ ಬಿತ್ತೆಂದರೆ ಕಥೆ ಮುಗಿಯಿತು. ಹಾಗಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ವಕೀಲರದು ಮೊದಲ ದಿನವೇ ಒಂದೇ ಪಾಠ: "ಇಲ್ಲಿ ಕಂಡದ್ದು ಇಲ್ಲೇ. ಕಟ್ಟಿಕೊಂಡವರಿಗೂ ಹೇಳೋ ಹಾಗಿಲ್ಲ, ಹೆತ್ತವರಿಗೂ ಹೇಳೋ ಹಾಗಿಲ್ಲ."

ಈ ಪಾಠವನ್ನು ನಾವೆಲ್ಲ ಕಲಿತೆವು. ಗೆರೆಯಕ್ಕ ನುಂಗಿಬಿಟ್ಟಳು.

ಗೆರೆಯಕ್ಕ ಎಂದು ಹೆಸರಿಟ್ಟವನು ನಾನೇ ಇರಬೇಕು. ಬರಿಗೈಯಲ್ಲಿ ಗೆರೆ ಎಳೆದರೆ ಸ್ಕೇಲುಗಳು ನಾಚಿಕೊಂಡು ಡ್ರಾಯರಿನೊಳಗೆ ಹೋಗುತ್ತಿದ್ದವು. ಪೇಟೆಂಟಿನ ಚಿತ್ರವೆಂದರೆ ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಬಣ್ಣ ಕೂಡದು, ನೆರಳು ಕೂಡದು. ಬರಿಯ ಕಪ್ಪು ಗೆರೆ, ಒಂದೊಂದು ಭಾಗಕ್ಕೆ ಒಂದೊಂದು ಅಂಕಿ. ಮನುಷ್ಯನನ್ನು ಬರೆಯಬೇಕಾಗಿ ಬಂದರೆ ಮುಖ ಬರೆಯುವಂತಿಲ್ಲ; ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲದ ಖಾಲಿ ತಲೆ. ಇನ್ನೊಂದು ಪದ್ಧತಿಯಿತ್ತು. ಅರ್ಜಿಯ ಚಿತ್ರಗಳ ಕಟ್ಟಿನಲ್ಲಿ ಒಂದನೇ ಚಿತ್ರ ಯಾವಾಗಲೂ ಹಳೆಯದರದ್ದು. ಹೊಸ ಬೀಗದ ಅರ್ಜಿಯಾದರೆ ಮೊದಲು ಹಳೇ ಬೀಗದ ಚಿತ್ರ, ಕೆಳಗೆ 'ಮೊದಲೇ ತಿಳಿದಿರುವುದು' ಎಂಬ ಸಾಲು. ಹೊಸದು ಶುರುವಾಗುವುದು ಎರಡನೇ ಚಿತ್ರದಿಂದ. ಆ ಸಾಲನ್ನು ಗೆರೆಯಕ್ಕ ಅದೆಷ್ಟು ಸಲ ಬರೆದಿದ್ದಳೋ, ಅದನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸಿದ್ದರೆ ಚಂದ್ರನಿಗೆ ಹೋಗಿ ಟೀ ಕುಡಿದು ವಾಪಸು ಬರಬಹುದಾಗಿತ್ತು.

ಅವಳಿಗೆ ಗೆರೆ ಕಲಿಸಿದವನು ಅವಳಣ್ಣ. ದರ್ಜಿ. ಅಪ್ಪ ಅಮ್ಮ ಹೋದಾಗ ಅವನಿಗೆ ಇನ್ನೂ ಮೀಸೆ ಚಿಗುರುತ್ತಿತ್ತು, ಅವಳಿಗೆ ಹಾಲುಹಲ್ಲು ಬೀಳುತ್ತಿತ್ತು. ಹೊಲಿಗೆ ಮೆಷಿನ್ನಿನ ಪಕ್ಕ, ಬಟ್ಟೆಚೂರುಗಳ ರಾಶಿಯ ಮೇಲೆ ತಂಗಿಯನ್ನು ಮಲಗಿಸಿಕೊಂಡು ಸಾಕಿದ. ಅವಳು ಹುಟ್ಟಿದಮೇಲೆ ಎಳೆದ ಮೊದಲ ಗೆರೆ ಸೀಮೆಸುಣ್ಣದ್ದು, ಯಾರದೋ ಕೋಟಿನ ಬೆನ್ನಮೇಲೆ. ಅಣ್ಣ ಮದುವೆಯಾಗಲಿಲ್ಲ. ಕೇಳಿದರೆ, "ನನ್ನ ಅಳತೆಗೆ ಯಾರೂ ಸಿಗಲಿಲ್ಲ, ನನ್ನನ್ನ ಬಿಚ್ಚಿ ಹೊಲಿಯೋವಷ್ಟು ತಾಳ್ಮೆನೂ ಯಾರಿಗೂ ಇರಲಿಲ್ಲ" ಎನ್ನುತ್ತಿದ್ದ. ಅವನು ಹೊಲಿದ ಕಾಲರು ಎಷ್ಟು ನೆಟ್ಟಗೆ ನಿಲ್ಲುತ್ತಿತ್ತೆಂದರೆ, ತಲೆತಗ್ಗಿಸಿ ಬದುಕಿದ ಗುಮಾಸ್ತರು ಆ ಅಂಗಿ ತೊಟ್ಟ ಮಾರನೇ ದಿನವೇ ಮೇಲಿನವರಿಗೆ ಎದುರುತ್ತರ ಕೊಟ್ಟು ಬೇರೆ ಊರಿಗೆ ವರ್ಗವಾದರು.

ಸಂಜೆ ಊಟಕ್ಕೆ ಕೂತರೆ ಅಣ್ಣ ಬೀದಿಯ ಗುಟ್ಟನ್ನೆಲ್ಲ ಬಿಚ್ಚುತ್ತಿದ್ದ: ಯಾರ ಹೊಟ್ಟೆ ಎಷ್ಟು ಬಂತು, ಯಾವ ಅಳಿಯ ಮಾವನ ಕೋಟನ್ನು ತನ್ನ ಅಳತೆಗೆ ಇಳಿಸಿಕೊಡಿ ಎಂದು ಕದ್ದು ತಂದ. ತಂಗಿ ನಗುವಳು. ಆಮೇಲೆ ಅವಳ ಸರದಿ.

"ಇವತ್ತೇನು ಬರೆದೆ, ಪುಟ್ಟಿ?"

"ಗೆರೆ."

"ಗೆರೆ ಅಂತ ನಂಗೂ ಗೊತ್ತು ಕಣೇ. ಯಾವುದರ ಗೆರೆ?"

"ಅಣ್ಣಾ."

"ಆಯ್ತಮ್ಮ ಆಯ್ತು. ತಪ್ಪು ನಂದೇ. ಚಿಕ್ಕವಳಿದ್ದಾಗ ನಿನ್ನ ಬಾಯಿ ಹೊಲಿದೆ, ಕಾಜ ಬಿಡೋದು ಮರೆತೆ."

ಅವನು ಒಂದೇ ಅಂಗಿಗೆ ಎರಡೂ ಎಡತೋಳು ಕತ್ತರಿಸಿದ ದಿನ ಗಿರಾಕಿಗಳೆಲ್ಲ ನಕ್ಕರು. ಅವನೂ ನಕ್ಕ. ಗೆರೆಯಕ್ಕ ನಗಲಿಲ್ಲ. ಅವನ ಕತ್ತರಿ ತಪ್ಪಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ತಲೆಯೊಳಗೆ ಗಡ್ಡೆಯಿದೆ ಎಂದರು. ತೆಗೆಯುವಷ್ಟು ತೆಗೆದರು, ಉಳಿದದ್ದಕ್ಕೆ ಮದ್ದು ಹನಿಸಿದರು. ಮದ್ದು ಕೆಲಸ ಮಾಡಲಿಲ್ಲ. ವಾರ್ಡಿನ ಡಾಕ್ಟರು, ಒಳ್ಳೆಯ ಹುಡುಗನೇ, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವನು, ಹೋಗುವ ಅವಸರದಲ್ಲಿ "ಮದ್ದು ತಲೆಗೆ ಹತ್ತುತ್ತಿಲ್ಲ" ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದ.

ಅಣ್ಣನಿಗೆ ಆ ಒಂದು ಮಾತು ಮುಳ್ಳಿನಂತೆ ಚುಚ್ಚಿಕೊಂಡಿತು.

"ಯಾಕೆ ಹತ್ತಲ್ಲ? ಕೈಯಲ್ಲಿ ಚುಚ್ಚಿದ್ದು ಕಾಲಿಗೆ ಹೋಗುತ್ತೆ, ಹೊಟ್ಟೆಗೆ ಹೋಗುತ್ತೆ, ಕೂದಲೆಲ್ಲ ಉದುರಿಸಿತು. ನೆತ್ತಿ ಮೇಲಿನ ಕೂದಲಿಗೆ ಸಿಕ್ಕಿದ ಮದ್ದಿಗೆ ಎರಡು ಬೆರಳು ಕೆಳಗಿರೋ ಗಡ್ಡೆ ಸಿಗಲಿಲ್ವಾ?"

ಅವನಿಗೆ ಸಾಯುವ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡದು ಇದು. ಬಟ್ಟೆ ಎಲ್ಲೋ ಹಿಡಿಯುತ್ತಿದೆ, ಎಲ್ಲಿ ಎಂದು ಕಾಣುತ್ತಿಲ್ಲ. ದರ್ಜಿಯಾದವನಿಗೆ ಇದಕ್ಕಿಂತ ಹಿಂಸೆ ಬೇರೆಯಿಲ್ಲ. ನರ್ಸನ್ನು ಕೇಳಿದ, ಕಸ ಗುಡಿಸುವವಳನ್ನು ಕೇಳಿದ, ಪಕ್ಕದ ಮಂಚದ ಕಿವುಡನನ್ನೂ ಕೇಳಿದ. ಯಾರಿಗೂ ನಿಂತು ಹೇಳಲು ಪುರಸೊತ್ತಿರಲಿಲ್ಲ, ಕಿವುಡನೊಬ್ಬನ ಹೊರತು.

ಅದೇ ಹೊತ್ತಿಗೆ ನಮ್ಮ ಆಫೀಸಿಗೆ ಒಬ್ಬ ಡಾಕ್ಟರಮ್ಮ ಬಂದರು. ಸಂಶೋಧನೆಯವರು. ಮೇಜಿನ ಮೇಲೆ ಸೈಕಲ್ ಹೆಲ್ಮೆಟ್ಟಿನಂಥ ಒಂದು ಟೋಪಿ ಇಟ್ಟು, ವಕೀಲರಿಗೆ ವಿಷಯ ಬಿಡಿಸಿ ಹೇಳಿದರು. ಗೆರೆಯಕ್ಕ ಪೆನ್ಸಿಲ್ ಹಿಡಿದು ಎದುರಿಗೆ ಕೂತಿದ್ದಳು.

"ಮೈಯಲ್ಲಿ ಬೇರೆಲ್ಲಾ ಕಡೆ ರಕ್ತನಾಳದ ಗೋಡೆಗೆ ಸಣ್ಣ ಸಣ್ಣ ಸಂದು ಇರುತ್ತೆ, ಮದ್ದು ನುಸುಳಿ ಹೊರಗೆ ಬರುತ್ತೆ. ಮಿದುಳಿನೊಳಗಿನ ನಾಳಕ್ಕೆ ಸಂದೇ ಇಲ್ಲ. ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದ ಹಾಗೆ ಕೂತಿರ್ತವೆ. ರಕ್ತಕ್ಕೂ ಮಿದುಳಿಗೂ ನಡುವೆ ಅದೊಂದು ತಡೆಗೋಡೆ."

"ಹೊಲಿದ ಹಾಗಾ?" ಎಂದಳು ಗೆರೆಯಕ್ಕ. ಆಫೀಸಿನಲ್ಲಿ ಅವಳು ಪ್ರಶ್ನೆ ಕೇಳಿದ್ದು ನನಗೆ ತಿಳಿದಂತೆ ಅದೇ ಮೊದಲು.

"ಥೇಟ್ ಹಾಗೇ. ಒಳ್ಳೇ ಕಾವಲುಗಾರ, ಆದ್ರೆ ಪೆದ್ದ. ವಿಷ ಬಂದ್ರೂ ತಡೀತಾನೆ, ಮದ್ದು ಬಂದ್ರೂ ತಡೀತಾನೆ. ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ ಅವನಿಗೆ."

ಮದ್ದನ್ನು ಒಳಗೆ ಕಳಿಸುವ ಉಪಾಯ ಇದು: ರಕ್ತಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಬಿಡುವುದು, ತಲೆಗೆ ಟೋಪಿ ತೊಡಿಸಿ ಕಿವಿಗೆ ಕೇಳಿಸದ ಶಬ್ದ ಹಾಯಿಸುವುದು. ಗುಳ್ಳೆಗಳು ಅದುರುತ್ತವೆ, ಹೊಲಿಗೆ ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಆ ಸಂದಿನಲ್ಲಿ ಮದ್ದು ದಾಟುತ್ತದೆ, ಆಮೇಲೆ ಹೊಲಿಗೆ ತಾನೇ ಬಿಗಿಯುತ್ತದೆ.

"ಮನುಷ್ಯರಿಗೆ ಯಾವಾಗ ಬರುತ್ತೆ?" ಇದು ಅವಳ ಎರಡನೇ ಪ್ರಶ್ನೆ.

"ಇನ್ನೂ ಇಲಿಗಳ ಮೇಲೇ ಇದ್ದೀವಮ್ಮ. ವರ್ಷಗಳು ಬೇಕು."

ಗೆರೆಯಕ್ಕ ತಲೆಯಾಡಿಸಿ ಪೆನ್ಸಿಲ್ ಚೂಪು ಮಾಡತೊಡಗಿದಳು. ಚೂಪಾದಮೇಲೂ ಮಾಡುತ್ತಲೇ ಇದ್ದಳು. ಅಣ್ಣನಿಗೆ ಈ ಟೋಪಿ ಸಿಗುವುದಿಲ್ಲ ಎಂದು ಅಲ್ಲೇ ಅರ್ಥವಾಗಿತ್ತು. ಆದರೆ ಅಣ್ಣ ಕೇಳಿದ್ದು ಟೋಪಿಯನ್ನಲ್ಲವಲ್ಲ. ಅವನು ಕೇಳಿದ್ದು ಒಂದು ಮಾತು. ಆ ಮಾತು ಈಗ ಅವಳ ಮಡಿಲಿಗೆ ಬಂದು ಬಿದ್ದಿತ್ತು, ಅದೂ ಅವನದೇ ಭಾಷೆಯಲ್ಲಿ.

ಅರ್ಜಿ ಸಲ್ಲಿಕೆಯಾಗುವವರೆಗೆ ಅದನ್ನು ಹೇಳುವಂತಿಲ್ಲ. ಹೇಳುವಂತಿಲ್ಲ ಎಂದು ಅವಳು ತಿಳಿದಿದ್ದಳು.

ಆ ವಾರವೇ ವಾರ್ಡಿನ ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದ. "ಗಡ್ಡೆ ಮಾತಿನ ಭಾಗದ ಕಡೆ ಬೆಳೀತಿದೆ. ಮೊದಲು ಅವರು ಆಡೋ ಮಾತು ಹೋಗುತ್ತೆ, ಆಮೇಲೆ ನಾವು ಆಡೋದೂ ಅವರಿಗೆ ತಿಳಿಯಲ್ಲ. ಏನಾದ್ರೂ ಹೇಳೋದಿದ್ರೆ ಬೇಗ ಹೇಳಿಬಿಡಿ."

ಮಾರನೇ ದಿನ ಅವಳು ವಕೀಲರ ಕೋಣೆಯ ಬಾಗಿಲಲ್ಲಿ ನಿಂತಳು.

"ಸಾರ್, ಟೋಪಿ ಅರ್ಜಿ ಯಾವಾಗ ಹೋಗುತ್ತೆ?"

"ಈ ವಾರ ಹೋಗಿಯೇಬಿಡುತ್ತೆ. ಯಾಕೆ, ನಿನಗೇನು ಅವಸರ?"

"ಏನಿಲ್ಲ ಸಾರ್."

ಆ ವಾರ ಹೋಗಲಿಲ್ಲ. ಟೋಪಿಯ ಚಿತ್ರಗಳು ಮುಗಿದಿದ್ದವು. ವಕೀಲರಿಗೆ ವಿಧಾನದ ಚಿತ್ರಗಳ ಮೇಲೆ ಮನಸ್ಸು ಬಿದ್ದಿತ್ತು. ಅರ್ಜಿಯ ಕೊನೆಯಲ್ಲಿ ಇದಿಷ್ಟು ನಮ್ಮದು ಎಂದು ಬೇಲಿ ಹಾಕುವ ವಾಕ್ಯಗಳಿರುತ್ತವೆ. ಅದಕ್ಕೆ ಕ್ಲೇಮು ಎನ್ನುತ್ತೇವೆ. ಒಂದು ಕ್ಲೇಮು ಟೋಪಿಗೆ. ಇನ್ನೊಂದು ವಿಧಾನಕ್ಕೆ, ಅಂದರೆ ರೋಗಿಗೆ ಮೊದಲು ಗುಳ್ಳೆ, ಆಮೇಲೆ ಶಬ್ದ, ಆಮೇಲೆ ಮದ್ದು ಕೊಟ್ಟು ಮಿದುಳಿಗೆ ದಾಟಿಸುವ ಕ್ರಮಕ್ಕೆ. ಆ ಕ್ಲೇಮನ್ನು ವಕೀಲರು ಬರೆಸಿದ ಚಂದವೇನು! ಒಂದೇ ವಾಕ್ಯ. ಅದರ ಆರಂಭದಲ್ಲಿ ಉಸಿರೆಳೆದುಕೊಂಡವರು ಪೂರ್ಣವಿರಾಮ ಮುಟ್ಟುವಷ್ಟರಲ್ಲಿ ನೀಲಿಗಟ್ಟುತ್ತಿದ್ದರು. ಅದಕ್ಕೆ ತಕ್ಕಂತೆ ಚಿತ್ರಗಳನ್ನು ಮತ್ತೆ ಮತ್ತೆ ಬರೆಸಿದರು. ಮಂಚದ ಮೇಲೆ ಮಲಗಿದ ಮುಖವಿಲ್ಲದ ಮನುಷ್ಯ, ತೋಳಿನಲ್ಲಿ ನಳಿಕೆ, ತಲೆಯ ಮೇಲೆ ಟೋಪಿ. "ಕೈ ಇನ್ನೂ ಸ್ವಲ್ಪ ಕೆಳಗಿರಲಿ." "ಬಾಟಲು ಈ ಕಡೆ ಬರಲಿ." ಗೆರೆಯಕ್ಕ ಹಗಲು ಮುಖವಿಲ್ಲದ ರೋಗಿಯನ್ನು ಬರೆದು, ಸಂಜೆ ಮುಖವಿರುವ ರೋಗಿಯ ಬಳಿಗೆ ಹೋಗುತ್ತಿದ್ದಳು.

ಆ ಸಂಜೆಗಳ ಮಾತನ್ನು ಅವಳು ನನಗೆ ಹೇಳಿದ್ದು ಬಹಳ ಕಾಲದ ಮೇಲೆ.

"ಪುಟ್ಟಿ, ನಿಂಗೆ ಗೊತ್ತು."

"ಏನು ಗೊತ್ತು?"

"ಮದ್ದು ಯಾಕೆ ಮೇಲೆ ಹೋಗಲ್ಲ ಅಂತ. ನಿನ್ನ ಮೂಗಿನ ತುದಿ ಕೆಂಪಾಗಿದೆ. ಚಿಕ್ಕವಳಿದ್ದಾಗ ಗುಂಡಿ ನುಂಗಿ ಇಲ್ಲ ಅಂದೆಯಲ್ಲ, ಆಗಲೂ ಹೀಗೇ ಆಗಿತ್ತು."

ಅವಳು ಹೊದಿಕೆ ಸರಿಮಾಡಿದಳು.

"ಆಫೀಸ್ ಗುಟ್ಟಾ?"

ಅವಳು ನೀರಿನ ಲೋಟ ಸರಿಮಾಡಿದಳು.

"ನನ್ನ ತಲೆಯೊಳಗಿನ ಸಮಾಚಾರ ನಿಮ್ಮ ವಕೀಲರ ಗುಟ್ಟು ಯಾವಾಗ ಆಯ್ತೇ?"

"ಸ್ವಲ್ಪ ದಿನ ತಡಿ ಅಣ್ಣ. ಒಂದು ಅರ್ಜಿ ಹೋಗಬೇಕು. ಹೋದ ದಿನವೇ ಬಂದು ಎಲ್ಲಾ ಹೇಳ್ತೀನಿ. ಚಿತ್ರ ತೋರಿಸಿ ಹೇಳ್ತೀನಿ. ನಿಂಗೆ ಇಷ್ಟ ಆಗುತ್ತೆ."

ಅವನು ಅವಳ ಮುಖವನ್ನೇ ನೋಡಿ, ಕೊನೆಗೆ ನಕ್ಕ. "ಆಗಲಿ ಬಿಡು. 'ನಾಳೆ ಬನ್ನಿ, ಕಾಜ ಒಂದು ಬಾಕಿ' ಅಂತ ಜನರನ್ನ ಎಷ್ಟು ಓಡಾಡಿಸಿದ್ದೀನೋ. ಅವರೆಲ್ಲರೂ ಸೇರಿ ಈಗ ನಿನ್ನ ಬಾಯಲ್ಲಿ ಅದನ್ನೇ ನಂಗೆ ಹೇಳಿಸ್ತಿದ್ದಾರೆ."

ಮುಂದಿನ ವಾರ ಅವನು ಲೋಟಕ್ಕೆ ಕತ್ತರಿ ಎಂದ. ಅದರ ಮುಂದಿನ ವಾರ ಕತ್ತರಿಗೆ ಹೆಸರೇ ಇರಲಿಲ್ಲ. ಬೆರಳೆರಡನ್ನು ಆಡಿಸಿ ತೋರಿಸಿದ. ಪ್ರಶ್ನೆ ಮಾತ್ರ ಬಿಟ್ಟಿರಲಿಲ್ಲ. ತೋಳಿನ ನಳಿಕೆ ಮುಟ್ಟುವುದು, ತಲೆ ಮುಟ್ಟುವುದು, ಹುಬ್ಬು ಏರಿಸುವುದು. ಅವಳ ಉತ್ತರವೂ ಅದೇ: "ನಾಳೆ ಅಣ್ಣ."

ಕೊನೆಗೊಂದು ಮಧ್ಯಾಹ್ನ ಅರ್ಜಿ ಸಲ್ಲಿಕೆಯಾಯಿತು. ಮುದ್ರೆ ಬಿದ್ದ ಸುದ್ದಿ ಫೋನಿನಲ್ಲಿ ಬಂದ ಕೂಡಲೇ ಗೆರೆಯಕ್ಕ ಚಿತ್ರಗಳ ಇನ್ನೊಂದು ಪ್ರತಿಯನ್ನು ಸುರುಳಿ ಸುತ್ತಿಕೊಂಡು ಓಡಿದಳು. ನಮ್ಮ ಮೆಟ್ಟಿಲು ಆವತ್ತು ಓಲಾಡಲೂ ಪುರಸೊತ್ತಿಲ್ಲದೆ ಬೆಪ್ಪಾಗಿ ನಿಂತಿತ್ತು. ಅವಳು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಫೀಸು ಮುಚ್ಚಿದಮೇಲೆ ನಾನೂ ಆಸ್ಪತ್ರೆಗೆ ಹೋದೆ. ಅವನು ನನ್ನ ದರ್ಜಿಯೂ ಆಗಿದ್ದನಲ್ಲ.

ಕಿಟಕಿಯ ಪಕ್ಕದ ಮಂಚ. ಅವನ ಎದೆಯ ಮೇಲೆ ಒಂದನೇ ಚಿತ್ರ ಹರಡಿಕೊಂಡಿತ್ತು. ಒಳಗೆ ಹೋಗುವ ಸಂದೇ ಇಲ್ಲದೆ ನಾಳದಲ್ಲೇ ತೇಲಿಹೋಗುವ ಮದ್ದಿನ ಚುಕ್ಕೆಗಳು, ನಡುವೆ ಹೊಲಿಗೆಯಂತೆ ಬಿಗಿದ ಗೋಡೆ. ಅವಳು ಬಾಗಿ ಹೇಳುತ್ತಿದ್ದಳು.

"ನೋಡಣ್ಣ, ಇದು ಮಿದುಳಿನ ನಾಳ. ಇದು ಗೋಡೆ. ಹೊಲಿಗೆ ಹಾಕಿದ ಹಾಗಿದೆ ನೋಡು, ಒತ್ತೊತ್ತಾಗಿ. ನೀನು ಕೋಟಿನ ಹೆಗಲಿಗೆ ಹಾಕ್ತೀಯಲ್ಲ, ಹಾಗೆ. ಸೂಜಿ ತೂರೋಕೂ ಜಾಗ ಇಲ್ಲ. ಅದಕ್ಕೇ ಮದ್ದು ಬರೋಕಾಗಲ್ಲ. ಗೊತ್ತಾಯ್ತಾ? ಅಣ್ಣಾ?"

ಅವನು ತಲೆಯಾಡಿಸಿದ. ಅವಳ ಮುಖ ಅರಳಿತು. ಆಮೇಲೆ ನರ್ಸು ಬಂದು ಕಿಟಕಿ ಮುಚ್ಚಲಾ ಎಂದಳು, ಅದಕ್ಕೂ ತಲೆಯಾಡಿಸಿದ. ತೆರೆದೇ ಇಡಲಾ ಎಂದಳು, ಅದಕ್ಕೂ ಆಡಿಸಿದ.

ಗೆರೆಯಕ್ಕ ಮತ್ತೆ ಮೊದಲಿನಿಂದ ಹೇಳಿದಳು. ನಿಧಾನವಾಗಿ, ಜೋರಾಗಿ, ಇನ್ನೂ ನಿಧಾನವಾಗಿ. ಅವನು ಕಾಗದದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ, ಬಟ್ಟೆಯ ಗುಣ ನೋಡುವಂತೆ. ಹೊಲಿಗೆಯ ಗೆರೆಯ ಮೇಲೆ ಉಗುರು ಎಳೆದ, ಒಂದು ತುದಿಯಿಂದ ಇನ್ನೊಂದು ತುದಿಗೆ. ಅಲ್ಲಿಗೆ ನಿಲ್ಲಿಸಿ ತಂಗಿಯ ಮುಖ ನೋಡಿ, ತೋಳಿನ ನಳಿಕೆ ಮುಟ್ಟಿದ, ತಲೆ ಮುಟ್ಟಿದ, ಹುಬ್ಬೇರಿಸಿದ.

ಪ್ರಶ್ನೆ ಒಳಗೇ ಇತ್ತು. ಉತ್ತರ ಒಳಗೆ ಹೋಗುವ ದಾರಿ ಮುಚ್ಚಿತ್ತು.

ಅವನು ಹೋದದ್ದು ಆ ತಿಂಗಳು ಮುಗಿಯುವುದರೊಳಗೆ. ತೊಡಿಸಿ ಕಳಿಸಲು ಅವನೇ ಹೊಲಿದ ಅಂಗಿ ಹುಡುಕಿದರೆ ಒಂದೂ ಸಿಗಲಿಲ್ಲ. ಊರಿಗೆಲ್ಲ ಹೊಲಿದವನು ತನಗೆ ಮಾತ್ರ 'ನಾಳೆ ಬಾ' ಎಂದುಕೊಂಡೇ ಕಾಲ ಕಳೆದಿದ್ದ. ಕಡೆಗೆ ನನ್ನದೊಂದು ಅಂಗಿ, ಅವನೇ ಹೊಲಿದದ್ದು, ತಂದುಕೊಟ್ಟೆ. ತೋಳು ಕೊಂಚ ಗಿಡ್ಡವಾಯಿತು. ಕಾಲರು ಮಾತ್ರ ನೆಟ್ಟಗಿತ್ತು.

ಪೇಟೆಂಟಿನ ರಥಕ್ಕೆ ಆಮೆ ಕಟ್ಟಿರುತ್ತಾರೆ. ಅರ್ಜಿ ವಿಚಾರಣೆಗೆ ಬಂದಾಗ ವರ್ಷಗಳು ಕಳೆದಿದ್ದವು, ಗೆರೆಯಕ್ಕನ ತಲೆಗೂದಲಿನ ಅರ್ಧ ಬೆಳ್ಳಗಾಗಿತ್ತು. ಚಿತ್ರಗಳನ್ನು ತೋರಿಸಲು ಅವಳು, ಕಟ್ಟು ಹೊರಲು ನಾನು, ಮಾತಾಡಲು ವಕೀಲರು. ಪೇಟೆಂಟ್ ಕಚೇರಿಯಲ್ಲಿ ಅರ್ಜಿ ತೂಗಿ ನೋಡುವ ಪರೀಕ್ಷಕಿ ನೆಗಡಿಯಾದ ಸಣ್ಣ ಹೆಂಗಸು. ಮೇಜಿನ ಮೇಲೆ ಕರವಸ್ತ್ರ, ಎದುರಿಗೆ ನಮ್ಮ ಅರ್ಜಿ.

"ಟೋಪಿಗೆ ನನ್ನ ಆಕ್ಷೇಪಣೆ ಇಲ್ಲ" ಎಂದರು ಪರೀಕ್ಷಕಿ. "ವಿಧಾನದ ಕ್ಲೇಮು ಮಾತ್ರ ಕೊಡೋಕಾಗಲ್ಲ. ರೋಗಿಗೆ ಚಿಕಿತ್ಸೆ ಮಾಡೋ ಕ್ರಮ ಯಾರ ಸ್ವತ್ತೂ ಆಗಬಾರದು ಅಂತ ಕಾನೂನೇ ಹೇಳುತ್ತೆ. ಡಾಕ್ಟರು ರೋಗಿ ಪಕ್ಕದಲ್ಲಿ ನಿಂತು, ಇದನ್ನ ಮಾಡೋಕೆ ಯಾರ ಅಪ್ಪಣೆ ಬೇಕು ಅಂತ ಯೋಚನೆ ಮಾಡೋ ಹಾಗಾಗಬಾರದು. ನಿಮಗೆ ಗೊತ್ತಿಲ್ಲದ್ದೇನಲ್ಲ."

ವಕೀಲರು ಗುಡುಗುತ್ತಾರೆಂದು ನಾನು ಮೈ ಬಿಗಿಹಿಡಿದು ಕೂತೆ. ಅವರು ಮುಗುಳ್ನಕ್ಕು, "ಸರಿ ಮೇಡಂ, ಕೈಬಿಟ್ಟಿದ್ದೀವಿ" ಎಂದರು. ಆ ಉದ್ದನೆಯ ವಾಕ್ಯ, ಅದಕ್ಕೆ ಬರೆದ ಚಿತ್ರಗಳು, ಮುಖವಿಲ್ಲದ ಆ ಮನುಷ್ಯ, ಎಲ್ಲ ಒಂದು ಸೀನು ಸೀನುವಷ್ಟರಲ್ಲಿ ಹೋಯಿತು.

ಪರೀಕ್ಷಕಿ ಹಾಳೆ ಹಿಂದಕ್ಕೆ ಮಗುಚಿದರು. "ಇನ್ನೊಂದು. ಒಂದನೇ ಚಿತ್ರಕ್ಕೆ ಇಷ್ಟೊಂದು ವಿವರಣೆ ಯಾಕೆ? ಮಿದುಳಿಗೆ ತಡೆಗೋಡೆ ಇರೋದು, ಮದ್ದು ದಾಟದೇ ಇರೋದು ಹಳೇ ವಿಷಯ. ಚಿಕ್ಕದು ಮಾಡಿ."

"ಮೇಡಂ" ಎಂದಳು ಗೆರೆಯಕ್ಕ. ವಕೀಲರು ತಿರುಗಿ ನೋಡಿದರು. "ಒಂದನೇ ಚಿತ್ರದ್ದು... ಅರ್ಜಿ ಹಾಕೋಕೆ ಮುಂಚೆ ಯಾರಿಗಾದ್ರೂ ಹೇಳಿದ್ರೆ ತಪ್ಪಾಗ್ತಿತ್ತಾ?"

ಪರೀಕ್ಷಕಿಗೆ ನಗು ಬಂತು, ಕೆಟ್ಟ ನಗುವಲ್ಲ. "ಅದು ಶಾಲೆ ಪಾಠದಲ್ಲೇ ಇದೆಯಲ್ಲಮ್ಮ. ಯಾರಿಗೆ ಬೇಕಾದ್ರೂ ಹೇಳಬಹುದಿತ್ತು. ನೀವೇ ಕೆಳಗೆ ಬರೆದಿದ್ದೀರಲ್ಲ, 'ಮೊದಲೇ ತಿಳಿದಿರುವುದು' ಅಂತ."

ಗೆರೆಯಕ್ಕ ಬಗ್ಗಿ ತನ್ನ ಕೈಬರಹವನ್ನೇ ಓದಿದಳು. ಜನ್ಮವೆಲ್ಲ ಬರೆದ ಸಾಲು. ದಿನಾ ಬರೆಯುವುದನ್ನು ಯಾರು ಓದಿಕೊಳ್ಳುತ್ತಾರೆ? ಕಟ್ಟಿನೊಳಗೆ ಹೋದದ್ದೆಲ್ಲ ಗುಟ್ಟು ಎಂದಷ್ಟೇ ಅವಳು ತಿಳಿದಿದ್ದಳು. ಅಣ್ಣ ಕೇಳಿದ್ದು ಒಂದನೇ ಚಿತ್ರದ ಮಾತು. ಅದು ಎಲ್ಲರದೂ ಆಗಿತ್ತು.

ಹೊರಗೆ ಮೆಟ್ಟಿಲ ಮೇಲೆ ನಾನು ತಡೆಯಲಾರದೆ ಕೇಳಿದೆ. "ಸಾರ್, ಆ ಕ್ಲೇಮಿಗೆ ಅಷ್ಟು ವಾರ ಕೂತು ಬರೆಸಿದ್ರಲ್ಲ?"

"ಅದು ಹೋಗುತ್ತೆ ಅಂತ ಮೊದಲೇ ಗೊತ್ತಿತ್ತಪ್ಪ" ಎಂದರು ವಕೀಲರು, ಹುಮ್ಮಸ್ಸಿನಲ್ಲಿ. "ಪರೀಕ್ಷಕರಿಗೆ ಕತ್ತರಿಸೋಕೆ ಏನಾದ್ರೂ ಕೊಡಬೇಕು. ಇಲ್ಲದಿದ್ರೆ ಟೋಪಿಗೇ ಕತ್ತರಿ ಹಾಕ್ತಾರೆ. ಕತ್ತರಿಸೋ ತುಂಡು ಚೆನ್ನಾಗಿದ್ರೆ ಅವರಿಗೂ ಸಮಾಧಾನ."

ಗೆರೆಯಕ್ಕ ನಮಗಿಂತ ಒಂದು ಮೆಟ್ಟಿಲು ಮೇಲಿದ್ದಳು. ಪಕ್ಕದ ಕಂಬಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ದಣಿವೇನೋ ಎಂದು ನಾನು ಕಟ್ಟನ್ನು ಕೆಳಗಿಟ್ಟು ಕಾದೆ. ಅಣ್ಣ ಕೇಳಿದ ಕಥೆಯನ್ನು ಅವಳು ನನಗೆ ಹೇಳಿದ್ದು ಅವತ್ತು, ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಹಿಂದಿನ ಸೀಟಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

ಟೋಪಿಯ ಪೇಟೆಂಟ್ ಬಂತು. ವಕೀಲರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆಸಿದರು, ಎಲ್ಲರಿಗೂ ಸಿಹಿ ಹಂಚಿಸಿದರು. ಡಾಕ್ಟರಮ್ಮನೂ ಬಂದಿದ್ದರು. ವಕೀಲರು ಎದೆಯುಬ್ಬಿಸಿ, ನಾನು ಈ ಕಥೆಯ ಮೊದಲಲ್ಲಿ ಕೊಚ್ಚಿಕೊಂಡೆನಲ್ಲ, ಅದೇ ಮಾತನ್ನು ಶುರುಮಾಡಿದರು. ಹಲ್ಲಿಯೂ ಬಂತು, ಗಿಣಿಯೂ ಬಂತು. ಕಡೆಗೆ ಗೆರೆಯಕ್ಕನ ಕಡೆ ಕೈ ತೋರಿಸಿದರು.

"ಎಲ್ಲಾ ಇವಳಂಥವರಿಂದ ಡಾಕ್ಟರಮ್ಮ. ಆಸ್ಪತ್ರೆಯಲ್ಲಿ ಅಣ್ಣ ಅದೇ ಕಾಯಿಲೆಯಲ್ಲಿ ಮಲಗಿದ್ದ, ಇವಳು ತುಟಿಪಿಟಕ್ ಅನ್ನಲಿಲ್ಲ. ನಮ್ಮ ಆಫೀಸಿನ ಗೋಡೆ ಅಂದ್ರೆ ಹಾಗೆ! ಒಂದಾದ್ರೂ ದಾಟಿದ್ದುಂಟೇನಮ್ಮ?"

ಗೆರೆಯಕ್ಕ ಕೈಯಲ್ಲಿದ್ದ ಸಿಹಿಯನ್ನು ತಿನ್ನದೆ ಮೇಜಿನ ಮೇಲಿಟ್ಟು, ಬೆರಳು ಒರೆಸಿಕೊಂಡಳು.

"ಇಲ್ಲ ಸಾರ್. ಗೋಡೆ ಬಲು ಭದ್ರವಾಗಿತ್ತು. ವಿಷ ಯಾವುದು, ಮದ್ದು ಯಾವುದು ಅಂತ ಮಾತ್ರ ಅದಕ್ಕೆ ಗೊತ್ತಾಗಲಿಲ್ಲ."